ಹಿತ್ತಲ ಕೊಳಕ್ಕೆ ಮೊದಲ ಚಳಿಗಾಲ

ತೊಚಿಹಿರಾ, ನೀಗಾತಾ
1983 ಸೆಪ್ಟೆಂಬರ್ 25

ತಂಗಿ ಶಿನೋಗೆ,

ನನ್ನ ಸ್ನಾನದ ತೊಟ್ಟಿಯಲ್ಲಿ ಮೂರು ಕೋಯ್ ಮೀನುಗಳಿವೆ. ನಗಬೇಡ. ಒಂದೊಂದೂ ನನ್ನ ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಬಣ್ಣದ ಮೀನಿನ ಕೊಳಗಳನ್ನೆಲ್ಲ ವಹಿಸಿಕೊಂಡ ಮೇಲಿನಮನೆ ಕುಮಾಕಿಚಿ ಅಜ್ಜ ನಿನಗೆ ನೆನಪಿರಬೇಕು. ಮಂಡಿನೋವು ಹೆಚ್ಚಾಗಿ ಅವನು ಮೀನಿನ ಕಸುಬನ್ನೇ ಬಿಟ್ಟು ಮಗಳ ಮನೆಗೆ ಹೊರಟಿದ್ದಾನೆ. ಮೊನ್ನೆ ಬೆಳಿಗ್ಗೆ ಬಾಗಿಲು ತೆರೆದರೆ ಕೈಗಾಡಿಯ ಮೇಲೆ ಒಂದು ಪೀಪಾಯಿ ಇಟ್ಟುಕೊಂಡು ನಿಂತಿದ್ದ.

"ತಮೊತ್ಸು, ಒಳ್ಳೆ ಮೀನೆಲ್ಲ ಮಾರ್ಬಿಟ್ಟೆ. ಈ ಮೂರನ್ನ ಯಾರೂ ಕಣ್ಣೆತ್ತೂ ನೋಡ್ಲಿಲ್ಲ. ಬಣ್ಣ ಸರಿಯಿಲ್ಲ, ವಯಸ್ಸೂ ಆಯ್ತು. ಆದ್ರೆ ನಿಮ್ಮಪ್ಪನ ಕೊಳದ ಸಂತಾನ ಕಣೋ ಇವು. ನೀನು ಇಟ್ಕೊ."

"ನಂಗೆ ಮೀನು ಕಂಡ್ರೆ ಆಗಲ್ಲ ಅಂತ ಊರಿಗೆಲ್ಲ ಗೊತ್ತು ಅಜ್ಜ."

"ಹಾಗಾದ್ರೆ ಇವತ್ತೇ ಸಾರಿಗೆ ಹಾಕ್ತೀನಿ. ಬಾ, ನಿಂಗೂ ಒಂದು ಬಟ್ಟಲು ಇಡ್ತೀನಿ."

ಏನು ಮಾಡಲಿ ಹೇಳು. ಬೆಟ್ಟದ ನೀರಿನ ಕೊಳವೆಯನ್ನು ತೊಟ್ಟಿಗೆ ಬಿಟ್ಟು, ಮೀನುಗಳನ್ನು ಅದರಲ್ಲಿ ಹಾಕಿದ್ದೇನೆ. ನಾನು ಸ್ನಾನಕ್ಕೆ ತೋಫು ಮಾಡುವ ಹಾತ್ಸು ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಊರವರು ಆಗಲೇ ಏನೇನೋ ಆಡಿಕೊಳ್ಳುತ್ತಿದ್ದಾರೆ.

ಹಿತ್ತಲಲ್ಲಿ ಒಂದು ಕೊಳ ತೋಡಬೇಕು ಎಂದುಕೊಂಡಿದ್ದೇನೆ. ಬದುಕಿಡೀ ಬಸ್ಸು ಓಡಿಸಿದವನಿಗೆ ಕೊಳ ತೋಡಲು ಬರುತ್ತದೆಯೇ? ಅಪ್ಪನ ಹಿಂದೆ ಕೆಸರಲ್ಲಿ ಓಡಾಡಿದವಳು ನೀನು. ಹಿಮ ಬೀಳುವುದರೊಳಗೆ ಹೇಗೆ ಮಾಡಬೇಕೆಂದು ಬರೆದು ತಿಳಿಸು. ನಿನ್ನ ಯಜಮಾನರು ಯಸುಹಿರೋ ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ,
ತಮೊತ್ಸು


ಕಾಗೋಶಿಮಾ
1983 ಅಕ್ಟೋಬರ್ 7

ಅಣ್ಣಾ,

ನಿನ್ನ ಕಾಗದ ಓದಿ ನಾನು ನಕ್ಕ ಸದ್ದಿಗೆ ಜೊತೆಯವರೆಲ್ಲ ತಿರುಗಿ ನೋಡಿದರು. ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ನಿನ್ನ ಕಾಗದ ಸುತ್ತಾಡಿಕೊಂಡು ತಡವಾಗಿ ಕೈಸೇರಿತು. ಇನ್ನು ಮೇಲೆ ಲಕೋಟೆಯ ಹಿಂದಿರುವ ವಿಳಾಸಕ್ಕೇ ಬರೆ. ಮಿನಾತೊಯಾ ಎಂಬ ಬಿಸಿನೀರ ಬುಗ್ಗೆಯ ವಸತಿಗೃಹ ಅದು. ಕೆಲವು ದಿನ ಅಲ್ಲಿ ಕೈನೆರವಿಗೆ ಹೋಗುತ್ತಿದ್ದೇನೆ.

ಈಗ ಕೊಳದ ಮಾತು. ಆಳ ನಿನ್ನ ಎದೆಮಟ್ಟ ಇರಲೇಬೇಕು. ಒಂದು ಮೂಲೆಯನ್ನು ಇನ್ನೂ ಆಳ ಮಾಡು. ಚಳಿಗಾಲದಲ್ಲಿ ಮೀನುಗಳು ತಳದ ಬೆಚ್ಚನೆ ನೀರಿಗಿಳಿದು ಅಲ್ಲೇ ಒತ್ತಾಗಿ ಸೇರಿಕೊಂಡು ತೂಕಡಿಸುತ್ತವೆ. ಆಳವಿಲ್ಲದಿದ್ದರೆ ಮೇಲಿನಿಂದ ತಳದವರೆಗೆ ಹೆಪ್ಪುಗಟ್ಟಿ ಮೀನು ಕಲ್ಲಾಗುತ್ತದೆ. ಬೆಟ್ಟದ ನೀರು ಒಂದು ಕಡೆಯಿಂದ ಸಣ್ಣಗೆ ಬೀಳುತ್ತಿರಲಿ, ಇನ್ನೊಂದು ಕಡೆಯಿಂದ ಹೊರಗೆ ಹೋಗಲಿ. ಮುಖ್ಯವಾದ ಮಾತು: ಸೂರಿನ ಕೆಳಗೆ ತೋಡಬೇಡ. ಛಾವಣಿಯ ಹಿಮ ಜಾರಿದರೆ ನೇರ ಅದರೊಳಗೇ ಬೀಳುತ್ತದೆ.

ನನಗೆ ಹದಿಮೂರು ತುಂಬಿದ ವರ್ಷ ಅಪ್ಪ ನನ್ನನ್ನು ಕೊಳದಿಂದ ಮೇಲೆ ಹತ್ತಿಸಿಬಿಟ್ಟರು. "ಹೆಣ್ಣುಮಕ್ಕಳಿಗೆ ಯಾಕೆ ಈ ಕೆಸರು, ಸಾಕು" ಎಂದರು. ಇಳಿ ಎಂದು ನಿನ್ನ ಮೇಲೆ ಕೂಗಾಡುತ್ತಿದ್ದರು, ನೀನು ಹುಲ್ಲುಮೆದೆಯ ಹಿಂದೆ ಅಡಗಿ ಕೂರುತ್ತಿದ್ದೆ. ಈಗ ನೋಡು.

ಮೂರು ಮೀನುಗಳ ಬಣ್ಣ ಹೇಗಿದೆ? ಅದನ್ನೇ ಬರೆದಿಲ್ಲವಲ್ಲ!

ಶಿನೋ


ತೊಚಿಹಿರಾ
1983 ಅಕ್ಟೋಬರ್ 16

ಶಿನೋ,

ಬೆನ್ನು ಮುರಿದುಹೋಗಿದೆ, ಆದರೆ ಗುಂಡಿಯಾಗಿದೆ. ಅಡುಗೆಮನೆಯ ಹಿಂದೆ. ನೀರಿನ ಕೊಳವೆ ಅಲ್ಲೇ ಬರುವುದರಿಂದ ಬೇರೆ ದಾರಿ ಇರಲಿಲ್ಲ. ಸೂರಿನಿಂದ ಸಾಕಷ್ಟು ದೂರವಿದೆ, ಹೆದರಬೇಡ.

ಬೇಲಿಯಾಚೆ ನಿಂತು ನೋಡದವರೇ ಇಲ್ಲ. "ಬಸ್ಸು ನಿಲ್ಸೋಕೆ ಗುಂಡಿನಾ ತಮೊತ್ಸು?" ಎಂದ ಒಬ್ಬ. "ಅಲ್ಲಪ್ಪ, ಅವನನ್ನ ಅವನೇ ಹೂತ್ಕೊಳ್ಳೋಕೆ" ಎಂದ ಇನ್ನೊಬ್ಬ. ಅವರಿಬ್ಬರೇ ಮಧ್ಯಾಹ್ನ ಹಾರೆ ಹಿಡಿದು ಬಂದು ಆ ಆಳದ ಮೂಲೆಯನ್ನು ಅಗೆದುಕೊಟ್ಟರು. ಹಾತ್ಸು ಅಕ್ಕ ಎಲ್ಲರಿಗೂ ಬಿಸಿ ತೋಫು ತಂದಳು. ಮೊನ್ನೆ ಕಾಂಕ್ರೀಟ್ ಹಾಕಿದೆವು. ಒಣಗಿದೆ, ಚೆನ್ನಾಗಿ ಕಾಣುತ್ತಿದೆ. ಬರುವ ಭಾನುವಾರ ನೀರು ತುಂಬಿಸಿ ಮೀನು ಬಿಡುತ್ತೇನೆ. ಸ್ನಾನದ ತೊಟ್ಟಿ ನನಗೆ ವಾಪಸ್ಸು.

ಬಣ್ಣ ಕೇಳಿದೆಯಲ್ಲ. ಒಂದು ಬಿಳಿ, ಬೆನ್ನ ಮೇಲೆ ಕೆಂಪು, ಆದರೆ ಆ ಕೆಂಪು ತಲೆಯ ಹತ್ತಿರ ಕಲಸಿಹೋಗಿದೆ. ಇನ್ನೊಂದು ಹಳದಿ, ತುಸು ಮಾಸಲು. ಮೂರನೆಯದು ಬೂದಿ ಬಣ್ಣದ್ದು, ಕಣ್ಣಿನ ಸುತ್ತ ಮಾತ್ರ ನೀಲಿ. ನನಗೆ ಬೂದಿಯದೇ ಇಷ್ಟ. ಯಾಕೋ ಗೊತ್ತಿಲ್ಲ.

ತಮೊತ್ಸು


ಕಾಗೋಶಿಮಾ
1983 ಅಕ್ಟೋಬರ್ 19, ತುರ್ತು

ಅಣ್ಣಾ, ಮೀನು ಬಿಡಬೇಡ!

ಹೊಸ ಕಾಂಕ್ರೀಟು ನೀರಿಗೆ ಸುಣ್ಣ ಬಿಡುತ್ತದೆ. ಅದರಲ್ಲಿ ಬಿಟ್ಟರೆ ಮೀನಿನ ಕಿವಿರು ಸುಟ್ಟುಹೋಗಿ ಸಂಜೆಯೊಳಗೆ ಮೂರೂ ತೇಲುತ್ತವೆ. ಮೊದಲು ನೀರು ತುಂಬಿಸಿ, ಅದರೊಳಗೆ ಭತ್ತದ ಹುಲ್ಲಿನ ಕಟ್ಟುಗಳನ್ನು ಮುಳುಗಿಸಿಡು. ನೀರು ಚಹಾದ ಬಣ್ಣಕ್ಕೆ ತಿರುಗಿದ ಮೇಲೆ ಖಾಲಿ ಮಾಡು, ಗೋಡೆ ತಿಕ್ಕು, ಮತ್ತೆ ತುಂಬಿಸು, ಮತ್ತೆ ಹುಲ್ಲು. ಕೈಯಲ್ಲಿ ಮುಟ್ಟಿದರೆ ಗೋಡೆ ಜಾರುವುದು ನಿಲ್ಲುವವರೆಗೂ ಬಿಡಬೇಡ. ಆಮೇಲೆ ಹೊಳೆಯ ಸಣ್ಣ ಮೀನು ನಾಲ್ಕನ್ನು ಬಿಟ್ಟು ನೋಡು. ಅವು ಬದುಕಿದರೆ ಇವೂ ಬದುಕುತ್ತವೆ.

ಅಲ್ಲಿಯವರೆಗೆ ಹಾತ್ಸು ಅಕ್ಕನ ಮನೆ ಸ್ನಾನವೇ ಗತಿ. ನಿನಗೇನೂ ಬೇಸರವಿಲ್ಲ ಅನ್ನಿಸುತ್ತದೆ.

ಶಿನೋ


ತೊಚಿಹಿರಾ
1983 ನವೆಂಬರ್ 14

ಶಿನೋ,

ನಿನ್ನ ತುರ್ತು ಕಾಗದ ಆ ಶನಿವಾರ ಸಂಜೆಯೇ ಬಂತು. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯ.

ನೀನು ಹೇಳಿದಂತೆಯೇ ಮಾಡಿದೆ. ಹುಲ್ಲು, ತಿಕ್ಕು, ಮತ್ತೆ ಹುಲ್ಲು. ಹೊಳೆಮೀನು ಬದುಕಿದವು. ಕಳೆದ ವಾರ ಮೂವರನ್ನೂ ಕೊಳಕ್ಕೆ ಬಿಟ್ಟೆ. ಕೆಂಪಿನದು ಮತ್ತು ಹಳದಿಯದು ಒಂದು ಸುತ್ತು ಹೊಡೆದು ಬಂದವು. ಬೂದಿಯದು ಮಾತ್ರ ಎರಡು ದಿನ ಮೂಲೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ನನ್ನ ಹೆಜ್ಜೆ ಸಪ್ಪಳಕ್ಕೆ ಮೇಲೆ ಬಂದು ಬಾಯಿ ತೆರೆಯಿತು. ಈಗ ದಿನಾ ಹೀಗೆ ಕೇಳುತ್ತದೆ. ಕೇಳಿದಾಗಲೆಲ್ಲ ಹಾಕುತ್ತೇನೆ. ಚಳಿ ಬಂತಲ್ಲ, ಮೈಗೆ ಸ್ವಲ್ಪ ಕೊಬ್ಬು ಬೇಕು.

ನನ್ನ ಜೊತೆ ಬಸ್ಸು ಓಡಿಸುತ್ತಿದ್ದ ಉಶಿಜಿಮಾ ಬಂದಿದ್ದ. ನಾಗಾವೋಕಾದಲ್ಲಿ ಹೊಸ ಮನೆ ಮಾಡಿದ್ದಾನೆ. "ಇಲ್ಲಿ ಛಾವಣಿ ಮೇಲೆ ಹತ್ತಿ ಹಿಮ ತಳ್ಳಿ ಯಾಕೆ ಸಾಯ್ತೀಯ? ಪಕ್ಕದ ಮನೆ ಖಾಲಿ ಇದೆ, ಬಾರೋ" ಎಂದು ಒಂದೇ ಸಮನೆ ಹೇಳಿದ. ನೋಡೋಣ ಎಂದಿದ್ದೇನೆ.

ಹೊಸ ವರ್ಷಕ್ಕೆ ನೀವಿಬ್ಬರೂ ಬನ್ನಿ. ಯಸುಹಿರೋ ಅವರು ಕೊಳ ನೋಡಲಿ. ಇಷ್ಟು ದಿನವಾದರೂ ಇನ್ನೂ ಆ ವಸತಿಗೃಹದ ವಿಳಾಸದಿಂದಲೇ ಬರೆಯುತ್ತೀಯ, ಅವರ ವಿಷಯ ಒಂದು ಸಾಲೂ ಬರೆಯುವುದಿಲ್ಲ. ನೀನು ನನಗೆ ಬರೆಯುವುದು ಅವರಿಗೆ ಹಿಡಿಸುವುದಿಲ್ಲವೇ? ಅಥವಾ ಅಪ್ಪ ಮನೆಯನ್ನು ನನ್ನ ಹೆಸರಿಗೇ ಬಿಟ್ಟು ಹೋದರೆಂಬ ಬೇಸರ ನಿನಗಿನ್ನೂ ಇದೆಯೇ? ಇದ್ದರೆ ನೇರ ಹೇಳು.

ತಮೊತ್ಸು


ಕಾಗೋಶಿಮಾ
1983 ನವೆಂಬರ್ 30

ಅಣ್ಣಾ,

ಮೊದಲು ಆ ಊಟ ನಿಲ್ಲಿಸು. ಚಳಿಯಲ್ಲಿ ಅವಕ್ಕೆ ಅರಗುವುದಿಲ್ಲ, ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಬಾಯಿ ತೆರೆದರೆ ತೆರೆಯಲಿ, ನೀನು ಆಚೆ ತಿರುಗಿಕೊ. ವಸಂತದವರೆಗೆ ಒಂದು ಕಾಳೂ ಬೇಡ.

ಎರಡನೆಯದು, ಕೊಳದ ಮೇಲೆ ದೇವದಾರು ಗಳಗಳನ್ನು ಒತ್ತೊತ್ತಾಗಿ ಹಾಸಿ ಮೇಲೆ ಹುಲ್ಲಿನ ಚಾಪೆ ಕಟ್ಟು. ಆಳದ ಮೂಲೆಯ ಕಡೆ ಗಳ ದಪ್ಪಗಿರಲಿ. ನೀರು ಬೀಳುವ ಜಾಗ ಮಾತ್ರ ತೆರೆದಿರಲಿ. ಮಂಜುಗಡ್ಡೆ ಕಟ್ಟಿದರೆ ಯಾವ ಕಾರಣಕ್ಕೂ ಸುತ್ತಿಗೆಯಿಂದ ಒಡೆಯಬೇಡ. ಆ ಪೆಟ್ಟು ನೀರಿನೊಳಗೆ ಮೀನಿನ ಮೈಗೇ ಬೀಳುತ್ತದೆ. ಬಿಸಿನೀರು ಸುರಿದು ತೂತು ಮಾಡು.

ಮನೆಯ ವಿಷಯದಲ್ಲಿ ನನಗೆ ಯಾವ ಬೇಸರವೂ ಇಲ್ಲ. ಹೊಸ ವರ್ಷಕ್ಕೆ ಬರಲಾಗುವುದಿಲ್ಲ. ವಸತಿಗೃಹದಲ್ಲಿ ಜನವೋ ಜನ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಸಕುರಾಜಿಮಾ ಬೆಟ್ಟ ದಿನವೂ ಬೂದಿ ಉಗುಳುತ್ತಿದೆ, ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕು.

ಶಿನೋ


1984 ಜನವರಿ 22

ಶಿನೋ,

ಬಹಳ ದಿನದಿಂದ ಬರೆಯಲಾಗಲಿಲ್ಲ. ನಾನು ಚೆನ್ನಾಗಿದ್ದೇನೆ. ಈ ವರ್ಷದ ಹಿಮ ವಿಪರೀತ ಎಂದು ನೀನೂ ಸುದ್ದಿಯಲ್ಲಿ ಕೇಳಿರಬಹುದು, ಆದರೆ ನಾನಿರುವಲ್ಲಿ ಬೆಚ್ಚಗಿದೆ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಮಾತಿಗೂ ಜನರಿದ್ದಾರೆ. ಮೀನುಗಳ ಯೋಚನೆ ಮಾಡಬೇಡ.

ತಮೊತ್ಸು


ಕಾಗೋಶಿಮಾ
1984 ಜನವರಿ 29

ಅಣ್ಣಾ,

ಲಕೋಟೆಯ ಮೇಲೆ ನಾಗಾವೋಕಾದ ಮುದ್ರೆಯಿದೆ. ನಾನೇನು ಕುರುಡಿಯೇ? ಬೆಚ್ಚಗಿದೆ, ಹೊತ್ತಿಗೆ ಊಟ, ಮಾತಿಗೆ ಜನ. ಉಶಿಜಿಮಾನ ಪಕ್ಕದ ಮನೆಗೆ ಹೋಗಿಬಿಟ್ಟೆ, ಅಷ್ಟೇ ತಾನೆ? ಹೋಗು, ಯಾರು ಬೇಡವೆಂದರು? ಆದರೆ ಆ ಮೂರು ಜೀವಗಳನ್ನು ಯಾರಿಗೆ ಒಪ್ಪಿಸಿ ಹೋದೆ? ನನ್ನನ್ನು ಯಾಕೆ ಇಷ್ಟೆಲ್ಲ ಕೇಳಿದೆ? ಇಡೀ ಶರತ್ಕಾಲ ನಾನು ನಿನ್ನ ಕೊಳವೊಂದನ್ನೇ ನೆನೆದುಕೊಂಡು ಮಲಗುತ್ತಿದ್ದೆ, ಗೊತ್ತಾ?

ಎಲ್ಲಿಗೆ ಬರೆಯಬೇಕೆಂದೂ ನೀನು ತಿಳಿಸಿಲ್ಲ. ಊರಿಗೇ ಹಾಕುತ್ತಿದ್ದೇನೆ. ತಲುಪಿದರೆ ತಲುಪಲಿ.

ಮನೆ ಬಿಟ್ಟು ಹೋಗುವುದೇನೆಂದು ನನಗೂ ಗೊತ್ತು. ಕಳೆದ ಮೇ ತಿಂಗಳಲ್ಲಿ ನಾನು ಯಸುಹಿರೋ ಅವರ ಮನೆಯಿಂದ ಹೊರಬಂದೆ. ಅವರಿಗೆ ಬೇರೊಂದು ಸಂಸಾರವಿದೆ, ಬಹಳ ಹಿಂದಿನಿಂದ. ವಿಚ್ಛೇದನದ ಕಾಗದಗಳಿಗೆ ರುಜು ಹಾಕಿಯಾಯಿತು. ವಸತಿಗೃಹದಲ್ಲಿ ಕೈನೆರವಲ್ಲ, ಕೆಲಸ. ಅಲ್ಲೇ ಮೇಲೆ ನಾವು ನಾಲ್ವರು ಹೆಂಗಸರು ಒಂದು ಕೋಣೆಯಲ್ಲಿದ್ದೇವೆ. ಅಪ್ಪ ಬೇಡವೆಂದರೂ ಇಷ್ಟು ದೂರ ಮದುವೆಯಾಗಿ ಬಂದವಳು, ಯಾವ ಮುಖ ಇಟ್ಟುಕೊಂಡು ಹೇಳಲಿ?

ಈಗ ಹೇಳಿದ್ದೇನೆ.

ಶಿನೋ


ನಾಗಾವೋಕಾ, ಆಸ್ಪತ್ರೆ
1984 ಫೆಬ್ರವರಿ 5

ಶಿನೋ,

ನಿನ್ನ ಕಾಗದವನ್ನು ಹಾತ್ಸು ಅಕ್ಕ ಹಿಮದಲ್ಲಿ ಇಳಿದು ಬಂದು ಕೊಟ್ಟುಹೋದಳು. "ನಿನ್ ತಂಗಿ ಕೈಬರಹ ನೋಡಿದ್ರೇ ಸಿಟ್ಟು ಕಾಣುತ್ತೆ, ಓದ್ಕೊ" ಎಂದಳು.

ಆಸ್ಪತ್ರೆಯಲ್ಲಿದ್ದೇನೆ. ಜನವರಿ ಮೊದಲ ವಾರ ಛಾವಣಿಯ ಹಿಮ ತಳ್ಳುವಾಗ ಹಿಮದ ಜೊತೆಯಲ್ಲೇ ನಾನೂ ಜಾರಿದೆ. ತೊಡೆಯ ಮೂಳೆ ಮುರಿದಿದೆ. ಊರಿನ ಗಂಡಸರು ಜಾರುಗಾಡಿಯ ಮೇಲೆ ಮಲಗಿಸಿ ಕೆಳಗಿನೂರಿನವರೆಗೆ ಎಳೆದು ತಂದರು. ನಿನಗೆ ತಿಳಿಸಿದರೆ ಹೊರಟುಬರುತ್ತೀಯ, ಯಸುಹಿರೋ ಅವರ ಮನೆಯಲ್ಲಿ ರಂಪವಾಗುತ್ತದೆ ಎಂದುಕೊಂಡು ಮುಚ್ಚಿಟ್ಟೆ. ಎಂಥ ದಡ್ಡ ನಾನು.

ಮೀನಿನ ವಿಷಯ ಇನ್ನೂ ಕೆಟ್ಟದ್ದು. ನೀನು ಹೇಳಿದ್ದೇ ಸರಿ, ಕೊಳ ಸೂರಿಗೆ ಹತ್ತಿರವಾಯಿತು. ಛಾವಣಿಯ ಹಿಮವೆಲ್ಲ ಅದರ ಮೇಲೇ ಬಿತ್ತು. ಎಲ್ಲಿ ಕೊಳ, ಎಲ್ಲಿ ಹಿತ್ತಲು ಎಂದೇ ಈಗ ತಿಳಿಯುವುದಿಲ್ಲವಂತೆ. ನೀರು ಬೀಳುವ ಸದ್ದೂ ಇಲ್ಲವಂತೆ. ಮೂರೂ ಸತ್ತಿರಬೇಕು. ಬಸ್ಸು ಓಡಿಸಿದಷ್ಟು ವರ್ಷ ಒಂದು ನಾಯಿಗೂ ಗಾಡಿ ತಗುಲಿಸಿದವನಲ್ಲ ನಾನು. ಮೊನ್ನೆ ಇಲ್ಲಿ ಗೋಡೆ ಕಡೆ ತಿರುಗಿ ಅತ್ತೆ. ಪಕ್ಕದ ಹಾಸಿಗೆಯವನು ಕಾಲುನೋವೆಂದುಕೊಂಡು ದಾದಿಯನ್ನು ಕರೆದ.

ನಿನ್ನ ವಿಷಯ ಓದಿದೆ. ಏನು ಬರೆಯಬೇಕೆಂದು ತಿಳಿಯದೆ ಹಾಳೆ ಹರಿದು ಹರಿದು ಹಾಕುತ್ತಿದ್ದೇನೆ. ಅಪ್ಪ ಬೇಡವೆಂದದ್ದು ದೂರವೆಂದು, ನಿನ್ನ ಮೇಲಿನ ಕೋಪಕ್ಕಲ್ಲ. ಮನೆಯ ಬೀಗದ ಕೈ ಹಾತ್ಸು ಅಕ್ಕನ ಹತ್ತಿರ ಇದೆ. ಈ ಹಿಮದಲ್ಲಿ ಬರಬೇಡ. ವಸಂತಕ್ಕೆ ಬಾ.

ತಮೊತ್ಸು


ತೊಚಿಹಿರಾ
1984 ಫೆಬ್ರವರಿ 19

ಅಣ್ಣಾ,

ಬರಬೇಡ ಎಂದಿದ್ದೆ, ಬಂದಿದ್ದೇನೆ. ನಿನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಮೊದಲು ಆಸ್ಪತ್ರೆಗೇ ಬರಬೇಕಿತ್ತು. ಆದರೆ ನಿನ್ನನ್ನು ನೋಡಿಕೊಳ್ಳಲು ದಾದಿಯರಿದ್ದಾರೆ, ಇವುಗಳಿಗೆ ಯಾರೂ ಇರಲಿಲ್ಲ. ಸಿಟ್ಟಾಗಬೇಡ.

ಕೆಳಗಿನೂರಿನವರೆಗೆ ಬಸ್ಸು ಬಂತು. ಅಲ್ಲಿಂದ ಟಪಾಲಿನವನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹತ್ತಿದೆ. ಹಾತ್ಸು ಅಕ್ಕ ಬಾಗಿಲಲ್ಲೇ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೋಡಿದಳು.

"ಈ ಶೂ ಹಾಕ್ಕೊಂಡು ಹತ್ತಿದ್ಯಾ? ನಿಮ್ಮನೇಲಿ ಯಾರಿಗೂ ಬುದ್ಧಿ ಇಲ್ವಾ?" ಎಂದು ಬೈದು, ತನ್ನ ಹುಲ್ಲಿನ ಬೂಟು ಕೊಟ್ಟಳು.

ಮರುದಿನ ಬೆಳಿಗ್ಗೆ ಇಬ್ಬರೂ ಸಲಿಕೆ ಹಿಡಿದೆವು. ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಬರೀ ಬಿಳಿ ಗೋಡೆ. ಕೊಳ ಎಲ್ಲಿದೆಯೆಂದು ಗೊತ್ತಾಗದೆ, ಅಡುಗೆಮನೆಯ ಕಿಟಕಿಯಿಂದ ಅಳತೆ ಹಿಡಿದು ತೋಡಿದೆವು. ಮಧ್ಯಾಹ್ನದ ಹೊತ್ತಿಗೆ ಸಲಿಕೆಗೆ ಮರ ತಗುಲಿತು. ಆಮೇಲೆ ಕೈಯಲ್ಲೇ ಕೆದಕಿದೆವು. ಈ ಕಡೆಯ ಗಳಗಳೆಲ್ಲ ಮುರಿದು ನೀರಿಗೆ ಕುಸಿದಿದ್ದವು. ಆಳದ ಮೂಲೆಯ ಮೇಲೆ ನೀನು ದಪ್ಪ ಗಳ ಹಾಕಿದ್ದೆಯಲ್ಲ, ಅವು ಬಿಲ್ಲಿನಂತೆ ಬಾಗಿದ್ದರೂ ಮುರಿದಿರಲಿಲ್ಲ. ಅದರ ಕೆಳಗೆ ಒಂದು ಗುಹೆಯಷ್ಟು ಜಾಗ. ಒಳಗೆ ಕರಿ ಗಾಜಿನಂಥ ಮಂಜುಗಡ್ಡೆ.

ಹಾತ್ಸು ಅಕ್ಕ ಸಲಿಕೆ ಎತ್ತಿದಳು. ಗಟ್ಟಿಯಾಗಿ ಅವಳ ಕೈ ಹಿಡಿದುಕೊಂಡೆ.

"ಒಂದೇಟು ಹಾಕಿದ್ರೆ ಒಡೆದುಹೋಗುತ್ತಲ್ಲೇ!"

"ಒಳಗಿರೋರೂ ಹೋಗ್ತಾರೆ ಅಕ್ಕ. ಬಿಸಿನೀರು ತಾ."

"ಎಷ್ಟು?"

"ನಿನ್ ಮನೇಲಿ ಎಷ್ಟಿದ್ಯೋ ಅಷ್ಟೂ."

ತೋಫು ಬೇಯಿಸುವ ಹಂಡೆಯನ್ನೇ ಅವಳು ಒಲೆಗೇರಿಸಿದಳು. ನಾನು ಕೆಟಲಿನಿಂದ ಒಂದೇ ಜಾಗಕ್ಕೆ ನಿಧಾನವಾಗಿ ಸುರಿದೆ, ಅವಳು ತಂದು ತಂದು ಕೊಟ್ಟಳು. ಮಂಜುಗಡ್ಡೆ ಬಟ್ಟಲಿನಂತೆ ತಗ್ಗಾಯಿತು, ಆಮೇಲೆ ತೂತಾಯಿತು. ನೀರು ಕೆಟ್ಟ ವಾಸನೆ ಹೊಡೆಯಿತು. ನೀರು ಬರುವ ಕೊಳವೆಯೂ ಹಿಮಕ್ಕೆ ಸಿಕ್ಕಿ ಬಾಗಿ, ಮಣ್ಣು ತುಂಬಿಕೊಂಡಿತ್ತು. ಅದನ್ನು ಬಿಡಿಸಿದಾಗ ಮೊದಲು ಕೆಸರು ಬಂತು, ಆಮೇಲೆ ತಿಳಿನೀರು. ಆ ಸದ್ದು ಕೇಳಿ ನಾವಿಬ್ಬರೂ ಹಿಮದಲ್ಲೇ ಕೂತುಬಿಟ್ಟೆವು.

ಮೀನು ಕಾಣಲಿಲ್ಲ ಅಣ್ಣಾ. ತಳ ಕತ್ತಲೆಯಾಗಿದೆ. ಯಾವುದೂ ತೇಲಿಲ್ಲ ಎಂಬುದಷ್ಟೇ ಸಮಾಧಾನ. ಕೋಲು ಹಾಕಿ ಕಲಕಿ ನೋಡೋಣ ಎಂದಳು ಹಾತ್ಸು ಅಕ್ಕ. ಬದುಕಿದ್ದರೆ ನಿದ್ದೆಯಲ್ಲಿರುತ್ತವೆ, ಎಬ್ಬಿಸಿದರೆ ಅದರಿಂದಲೇ ಸಾಯುತ್ತವೆ. ಬೇಡವೆಂದೆ. ಕಾಯುತ್ತೇನೆ. ವಸತಿಗೃಹಕ್ಕೆ ರಜೆ ಬೇಕೆಂದು ಬರೆದಿದ್ದೇನೆ.

ಗುರುವಾರ ನಿನ್ನನ್ನು ನೋಡಲು ಇಳಿದು ಬರುತ್ತೇನೆ. ಏನಾದರೂ ಬೇಕಿದ್ದರೆ ಹೇಳು. ಕುಡಿಯೋ ಸಾಕೆಯೊಂದನ್ನು ಬಿಟ್ಟು.

ಶಿನೋ


ನಾಗಾವೋಕಾ, ಆಸ್ಪತ್ರೆ
1984 ಮಾರ್ಚ್ 11

ಶಿನೋ,

ಊರುಗೋಲು ಹಿಡಿದು ಬಾಗಿಲವರೆಗೆ ನಡೆದೆ. ಏಪ್ರಿಲ್‌ನಲ್ಲಿ ಬಿಡುತ್ತಾರಂತೆ.

ಮೀನಿನ ಕಥೆ ಈಗ ಈ ವಾರ್ಡಿಗೆಲ್ಲ ಗೊತ್ತು. ತಪ್ಪು ನಿನ್ನದೇ, ಕಳೆದ ಸಲ ಬಂದಾಗ ಎಲ್ಲರೆದುರು ಕೈಬೀಸಿ ಬೀಸಿ ಹೇಳಿದೆ. ಎದುರಿನ ಹಾಸಿಗೆಯ ಮುದುಕ ದಿನಾ ಬೆಳಿಗ್ಗೆ ಕೂಗುತ್ತಾನೆ, "ಏನಯ್ಯಾ ತಮೊತ್ಸು, ಎದ್ವಾ ನಿನ್ ಮೀನು?" ಅವನಿಗೆ ಶಸ್ತ್ರಚಿಕಿತ್ಸೆ ಇದೆ. "ತಿಳ್ಕೊಳ್ದೆ ನಾನು ಆ ಕೋಣೆಗೆ ಹೋಗಲ್ಲ" ಎಂದು ಡಾಕ್ಟರಿಗೇ ಹೇಳಿದನಂತೆ. ಸುಳ್ಳಾದರೂ ಹೇಳಿಬಿಡಲೇ ಎಂದು ಯೋಚಿಸಿದೆ. ಬಾಯಿ ಬರಲಿಲ್ಲ.

ನೀನು ಮನೆಯಲ್ಲಿರುವುದು ನನಗೆ ಎಷ್ಟು ಧೈರ್ಯವೆಂದು ಎದುರಿಗೆ ಹೇಳಲಾಗಲಿಲ್ಲ. ವಸತಿಗೃಹದವರು ಕರೆದರೆ ಹೋಗು. ನನ್ನ ಕಾಲಿಗಾಗಿ ನಿಲ್ಲಬೇಡ.

ತಮೊತ್ಸು


ತೊಚಿಹಿರಾ
1984 ಏಪ್ರಿಲ್ 8

ಅಣ್ಣಾ,

ಮೊದಲು ಆ ಮುದುಕನಿಗೆ ಹೇಳು: ಎರಡು ಎದ್ದಿವೆ.

ಮೊನ್ನೆ ಮಧ್ಯಾಹ್ನ ಮಂಜುಗಡ್ಡೆಯ ಕೊನೆಯ ಹಾಳೆ ಕರಗಿ, ಬಿಸಿಲು ನೇರ ಕೊಳಕ್ಕೆ ಬಿತ್ತು. ನಾನು ಮೂಲಂಗಿ ತೊಳೆಯುತ್ತಿದ್ದೆ. ತಳದಲ್ಲಿ ಏನೋ ಕದಲಿದಂತಾಯಿತು. ಕೆಸರೇನೋ ಎಂದುಕೊಂಡೆ. ಅದು ಬೂದಿ ಬಣ್ಣದ್ದು. ಕುಡಿದವರ ಹಾಗೆ ವಾಲಾಡುತ್ತ ಮೇಲೆ ಬಂತು. ಹಿಂದೆಯೇ ಕೆಂಪಿನದು. ಸೊರಗಿ ತಲೆಯೇ ದೊಡ್ಡದಾಗಿ ಕಾಣುತ್ತದೆ, ಬೆನ್ನಿನ ಒಂದೆರಡು ಹುರುಪೆ ಎದ್ದಿವೆ, ಆದರೆ ರೆಕ್ಕೆ ಬಿಚ್ಚಿ ಈಜುತ್ತಿದೆ. ನಾನು ಕೂಗಿದ್ದಕ್ಕೆ ಹಾತ್ಸು ಅಕ್ಕ ಮನೆಗೆ ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿ ಬಂದಳು.

ಹಳದಿಯದು ಉಳಿಯಲಿಲ್ಲ. ತಳದಲ್ಲಿ ಮಲಗಿದಂತೆಯೇ ಇತ್ತು. ಪ್ಲಮ್ ಮರದ ಬುಡದಲ್ಲಿ ಹೂತೆ. ನಿನ್ನಿಂದ ಮುಚ್ಚಿಡುವುದಿಲ್ಲ.

ಇನ್ನೊಂದು ವಿಷಯ. ಕೆಳಗಿನೂರಿನ ಮೀನು ಸಾಕುವ ದೊಡ್ಡ ಮನೆಯವರು ಸುದ್ದಿ ಕೇಳಿ ನಿನ್ನೆ ಕೊಳ ನೋಡಲು ಬಂದಿದ್ದರು. ಆ ಹಿಮದಡಿಯಲ್ಲಿ ಮೀನು ಬದುಕಿದ್ದನ್ನು ಕಣ್ಣಾರೆ ನೋಡಬೇಕಿತ್ತಂತೆ. ಮೇ ತಿಂಗಳಲ್ಲಿ ಮೊಟ್ಟೆಯಿಡುವ ಕಾಲ, ಕೈ ಸಾಲದು ಎಂದರು. ನಾನು ಬರುತ್ತೇನೆಂದೆ. "ನಮ್ಮಲ್ಲಿ ಹೆಂಗಸರು ಕೊಳಕ್ಕೆ ಇಳಿಯಲ್ಲಮ್ಮ" ಎಂದು ತಲೆ ಕೆರೆದುಕೊಂಡರು. "ಇಳಿಯಲ್ಲ ಅಲ್ಲ, ನೀವು ಇಳಿಸಲ್ಲ. ನಂಗೀಗ ಐವತ್ನಾಲ್ಕು. ಇನ್ನೂ ಎಷ್ಟು ದೊಡ್ಡವಳಾಗ್ಬೇಕು ಹೇಳಿ?" ಎಂದೆ. ಹಾತ್ಸು ಅಕ್ಕ ಬಿದ್ದು ಬಿದ್ದು ನಕ್ಕಳು. ಪಾಪ, ಅವರಿಗೂ ನಗು ಬಂತು. ಒಂದನೇ ತಾರೀಖಿನಿಂದ ಬಾ ಎಂದು ಹೇಳಿಹೋಗಿದ್ದಾರೆ. ವಸತಿಗೃಹಕ್ಕೆ ಬರುವುದಿಲ್ಲವೆಂದು ನಿನ್ನೆಯೇ ಬರೆದು ಹಾಕಿದೆ. ನಿನ್ನ ಕಾಲಿಗಾಗಿ ಅಲ್ಲ.

ಹದಿನೈದಕ್ಕೆ ನಿನ್ನನ್ನು ಬಿಡುತ್ತಾರೆಂದು ಆಸ್ಪತ್ರೆಯವರು ಹೇಳಿದರು. ಕೆಳಗಿನೂರಿನಿಂದ ಮೇಲಕ್ಕೆ ರಸ್ತೆಯ ಹಿಮ ಇನ್ನೂ ತೆಗೆದಿಲ್ಲ. ನಾನೂ ಹಾತ್ಸು ಅಕ್ಕನೂ ಜಾರುಗಾಡಿ ತಂದು ಬಸ್ ನಿಲ್ದಾಣದಲ್ಲಿ ಕಾದಿರುತ್ತೇವೆ. ಇಬ್ಬರು ಹೆಂಗಸರು ಎಳೆದುಕೊಂಡು ಹೋಗುವಾಗ ಊರವರು ನೋಡಿದರೆ ನಾಚಿಕೆಯೆನಿಸೀತು. ಕಣ್ಣು ಮುಚ್ಚಿಕೊಂಡು ಕೂತಿರು. ಮನೆ ಬಂದಾಗ ಹೇಳುತ್ತೇವೆ.

ಶಿನೋ